ಹಿತ್ತಿಲ ಕೋಳಿಗೆ ವಿಷದ ಕಾವಲು ಬೇಡ

ಸೊರಬ ತಾಲ್ಲೂಕಿನ ಉಳವಿಯಂಥ ಊರುಗಳಲ್ಲಿ ನಾಟಿಕೋಳಿಯೆಂದರೆ ಹೆಂಗಸರ ಕೈಗಾಸು. 21 ದಿನ ಕಾವು ಕೂತ ಹೇಂಟೆಯ ಮರಿಗಳನ್ನು ಮುಂಗುಸಿ, ಕಾಡುಬೆಕ್ಕು, ಹದ್ದುಗಳು ಒಂದೊಂದಾಗಿ ಒಯ್ದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಉರುಳು ಒಡ್ಡುವುದು, ಮಾಂಸಕ್ಕೆ ವಿಷ ಬೆರೆಸಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದಕ್ಕೂ ಮಿಗಿಲಾಗಿ ಅವಿವೇಕ. ಗದ್ದೆಯ ಇಲಿಗಳನ್ನು ಹಿಡಿಯುವುದೂ ಇದೇ ಮುಂಗುಸಿ, ಇದೇ ಕಾಡುಬೆಕ್ಕು. ವಿಷಕ್ಕಂತೂ ಮನೆಯ ನಾಯಿಯೇ ಮೊದಲು ಬಾಯಿ ಹಾಕೀತು!

ಪೇಟೆಯ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಬೇಟೆಗಾರನನ್ನು ತಡೆಯುವುದಿಲ್ಲ. ಮರಿಗಳ ಆವರಣಕ್ಕೆ ಅರ್ಧ ಅಂಗುಲ ಕಣ್ಣಿನ, ಬೆಸುಗೆ ಹಾಕಿದ ತಂತಿಜಾಲರಿ ಬೇಕು. ಅದರ ಬುಡವನ್ನು ಒಂದಡಿ ಹೂತು ಹೊರಮುಖವಾಗಿ ಬಾಗಿಸಿದರೆ ನೆಲ ತೋಡಿ ನುಗ್ಗುವುದು ಕಷ್ಟ. ಮೇಲೆಯೂ ಬಲೆ ಇರಲಿ. ಮುಸ್ಸಂಜೆಗೆ ಮುನ್ನ ಬಾಗಿಲಿಗೆ ಚಿಲಕ ಬೀಳಲಿ. ಕಂಬ, ಚೌಕಟ್ಟಿಗೆ ಕಾಡಿನ ಗಳ ಕಡಿಯಬೇಕಾಗಿಲ್ಲ, ಹಳೆಯ ಅಡಿಕೆ ದಬ್ಬೆ ಸಾಕು. ಗೆದ್ದಲು ಹಿಡಿದಾಗ ಬದಲಿಸಿದರಾಯಿತು.

ಜಾಲರಿಯ ಬೆಲೆ ಬಡ ಮನೆಗೆ ಭಾರವೇ ಸರಿ. ಆದರೆ ಬಲಿತ ಕೋಳಿಗಳು ಹಗಲು ಹೊರಗೆ ಮೇಯಬಹುದು. ಮೊದಲೆರಡು ತಿಂಗಳ ಮರಿಗಳಿಗಷ್ಟೇ ಈ ಕೋಟೆ. ನಾಲ್ಕಾರು ಮನೆಯವರು ಕೂಡಿ ಒಂದು ಸುರುಳಿ ಕೊಂಡು ಹಂಚಿಕೊಳ್ಳಬಹುದು. ಊರಿನ ಸ್ತ್ರೀಶಕ್ತಿ ಸಂಘಗಳು ಸಾಲ ಕೊಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.