ಭಾನುವಾರದ ಕನ್ನಡ ತರಗತಿಗೆ ಯಾವ ಉಪಕರಣ?

ನಮ್ಮ ಸಂಘದ ಕಳೆದ ಸರ್ವಸದಸ್ಯರ ಸಭೆಯಲ್ಲಿ ವಿಜಯವಾಡದಿಂದ ಬಂದಿದ್ದ ಗೆಳೆಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಅಲ್ಲಿಯೂ ಇಲ್ಲಿ ಪೆಂಡುರ್ತಿಯಲ್ಲಿಯೂ ನಡೆಯುತ್ತಿರುವ ಭಾನುವಾರದ ಕನ್ನಡ ತರಗತಿಗಳಿಗೆ ತಲಾ ಒಂದು ಸ್ಮಾರ್ಟ್ ಬೋರ್ಡನ್ನೂ ಮಕ್ಕಳಿಗಾಗಿ ಟ್ಯಾಬ್‌ಗಳನ್ನೂ ಕೊಳ್ಳಬೇಕು, ರಾಜ್ಯೋತ್ಸವದ ನಿಧಿಯಲ್ಲಿ ಉಳಿದಿರುವ ಹಣವನ್ನೆಲ್ಲ ಇದಕ್ಕೇ ವಿನಿಯೋಗಿಸಬೇಕು ಎಂಬುದು ಆ ಸಲಹೆ. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಅಂದು ಸಮಯಾಭಾವದಿಂದ ಹೇಳಲಾಗದೆ ಹೋದ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ನಾನು ಯಂತ್ರವಿರೋಧಿಯಲ್ಲ. ಪೆಂಡುರ್ತಿಯ ತರಗತಿಯನ್ನು ಆರು ವರ್ಷಗಳಿಂದ ನಡೆಸುತ್ತಿರುವವನು ನಾನೇ. ಉಕ್ಕಿನ ಕಾರ್ಖಾನೆ, ನೌಕಾಪಡೆ, ರೈಲ್ವೆ, ಹೋಟೆಲು ಹೀಗೆ ನಾನಾ ವೃತ್ತಿಗಳ ಮನೆಗಳಿಂದ ಬರುವ ಹನ್ನೊಂದು ಮಕ್ಕಳು, ಒಂದು ಕರಿಹಲಗೆ, ನನ್ನ ಜೇಬಿನ ಫೋನು, ಇಷ್ಟೇ ನಮ್ಮ ಶಾಲೆಯ ಆಸ್ತಿ. ಆ ಫೋನು ಇಲ್ಲದಿದ್ದರೆ ತರಗತಿ ಎಂದೋ ನಿಂತುಹೋಗುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪ್ರಶ್ನೆ ಇರುವುದು ಉಪಕರಣ ಬೇಕೆ ಬೇಡವೆ ಎಂಬುದರಲ್ಲಿ ಅಲ್ಲ. ಯಾವುದು, ಯಾರ ಕೈಯಲ್ಲಿ ಎಂಬುದರಲ್ಲಿ.

ನಾವು ನೆಲೆಸಿರುವ ಈ ರಾಜ್ಯದ ಅನುಭವವನ್ನೇ ನೋಡೋಣ. 2022ರ ಡಿಸೆಂಬರ್‌ನಲ್ಲಿ ಆಂಧ್ರ ಸರ್ಕಾರವು ಸರ್ಕಾರಿ ಶಾಲೆಗಳ ಎಂಟನೆಯ ತರಗತಿಯ ವಿದ್ಯಾರ್ಥಿಗಳು ಹಾಗೂ ಅವರ ಅಧ್ಯಾಪಕರಿಗೆ ಒಟ್ಟು 5 ಲಕ್ಷಕ್ಕೂ ಹೆಚ್ಚು ಟ್ಯಾಬ್‌ಗಳನ್ನು ಹಂಚಿತು. ಅವುಗಳೊಳಗೆ ತುಂಬಿದ್ದ ಪಾಠಗಳು ಬೆಂಗಳೂರಿನ ಬೈಜೂಸ್ ಸಂಸ್ಥೆಯವು. ಎರಡು ವರ್ಷ ತುಂಬುವುದರೊಳಗೆ, 2024ರಲ್ಲಿ, ಆ ಸಂಸ್ಥೆಯೇ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಸರ್ಕಾರದ ಉದ್ದೇಶವನ್ನು ನಾನಿಲ್ಲಿ ಶಂಕಿಸುತ್ತಿಲ್ಲ. ಆದರೆ ಪಾಠದ ಬೀಗದಕೈ ಅಧ್ಯಾಪಕನ ಬಳಿ ಇರದೆ ವ್ಯಾಪಾರಿಯ ಬಳಿ ಇದ್ದರೆ, ವ್ಯಾಪಾರಿ ಮುಗ್ಗರಿಸಿದ ದಿನ ತರಗತಿಯ ಗತಿಯೇನು? ಇಷ್ಟು ದೊಡ್ಡ ಸರ್ಕಾರ ಎದುರಿಸಬೇಕಾದ ಈ ಪ್ರಶ್ನೆಯನ್ನು ನಮ್ಮ ಪುಟ್ಟ ಸಂಘ ಕೇಳಿಕೊಳ್ಳದಿದ್ದರೆ ಹೇಗೆ?

ಇನ್ನೊಂದು ಉದಾಹರಣೆಯೂ ಇದೇ ರಾಜ್ಯದ್ದು. ಮದನಪಲ್ಲೆಯ ಬಳಿಯ ರಿಷಿವ್ಯಾಲಿಯಲ್ಲಿ, ಒಬ್ಬನೇ ಅಧ್ಯಾಪಕನಿರುವ ಹಳ್ಳಿಶಾಲೆಗಳಿಗಾಗಿ, ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವಂತೆ ಕಾರ್ಡುಗಳ ಒಂದು ಪದ್ಧತಿಯನ್ನು ರೂಪಿಸಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಅಧ್ಯಾಪಕರು ಅದನ್ನು ಕಂಡುಬಂದು, ಯುನಿಸೆಫ್‌ನ ನೆರವಿನಿಂದ ತಮ್ಮ ಶಾಲೆಗಳಿಗೆ ಹೊಂದುವಂತೆ ಕನ್ನಡದಲ್ಲಿ ಹೊಸದಾಗಿ ಕಟ್ಟಿದರು. ಅದೇ 'ನಲಿ-ಕಲಿ'. ಮುಂದೆ ಅದು ಕರ್ನಾಟಕದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ರಟ್ಟಿನ ತುಂಡು, ಬಣ್ಣದ ಚಿತ್ರ, ಎರಡು ಸಾಲು ಬರಹ. ವಿದ್ಯುತ್ತೂ ಬೇಡ, ಚಂದಾ ಹಣವೂ ಬೇಡ. ಅದು ನೆಲೆ ನಿಂತದ್ದೇಕೆಂದರೆ ಪಾಠ ಹೇಳುವವರೇ ಅದನ್ನು ತಿದ್ದಿ ತಮ್ಮದಾಗಿಸಿಕೊಂಡರು. ಒಳ್ಳೆಯ ಉಪಕರಣದ ಲಕ್ಷಣ ಇದೇ ಎಂದು ನಾನು ತಿಳಿಯುತ್ತೇನೆ.

ಈ ಲಕ್ಷಣವುಳ್ಳ ಸಾಧನಗಳು ಇಂದು ಫೋನಿನಲ್ಲಿ ಉಚಿತವಾಗಿಯೇ ದೊರೆಯುತ್ತವೆ. ನನ್ನ ತರಗತಿಯಲ್ಲಿ ಕೆಲಸಕ್ಕೆ ಬಂದವುಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಲಿಪಿಯ ಮಾತು. ನಮ್ಮ ಮಕ್ಕಳೆಲ್ಲ ಶಾಲೆಯಲ್ಲಿ ತೆಲುಗನ್ನು ಓದಬಲ್ಲವರು. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿಯೂ ಅವು ನೆರೆಮನೆಯವು: ತೆಲುಗಿಗೆ 128 ಸ್ಥಾನಗಳು, ಅದು ಮುಗಿದೊಡನೆ ಕನ್ನಡಕ್ಕೆ 128. ತೆಲುಗಿನ 'ಅ' ಇರುವ ಸ್ಥಾನಕ್ಕೆ 128 ಕೂಡಿಸಿದರೆ ಕನ್ನಡದ 'ಅ' ದೊರೆಯುತ್ತದೆ, 'ಕ'ಕ್ಕೂ ಹಾಗೆಯೇ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಲಿಪ್ಯಂತರ ಯಂತ್ರಕ್ಕೆ ಸುಲಭದ ಕೆಲಸ. 'ಅಕ್ಷರಮುಖ' ಎಂಬ ಉಚಿತ ಸಾಧನದಲ್ಲಿ ಮಕ್ಕಳು ತಮಗೆ ಬಾಯಿಪಾಠವಿರುವ ತೆಲುಗು ವಾಕ್ಯವನ್ನು ಹಾಕಿ, ಕನ್ನಡ ಲಿಪಿಯಲ್ಲಿ ಅದನ್ನೇ ಓದುತ್ತಾರೆ. ತಲೆಕಟ್ಟಿನ ಭೇದ, 'ಕ', 'ತ', 'ಶ' ಮೊದಲಾದವುಗಳ ರೂಪಭೇದ, ನಮ್ಮಲ್ಲಿ ಬೇರೆಯಾಗಿ ನಿಲ್ಲುವ ದೀರ್ಘದ ಗುರುತು, ಇವಿಷ್ಟನ್ನು ಹಲಗೆಯ ಮೇಲೆ ವಿವರಿಸಿದರೆ ಸಾಕು. ವರ್ಣಮಾಲೆಗೆ ಒಂದು ವರ್ಷ ಹಿಡಿಯುತ್ತಿದ್ದ ನಾನು ಈಗ ಎರಡು ತಿಂಗಳಲ್ಲಿ ಮುಗಿಸುತ್ತೇನೆ. ತೆಲುಗು ನಮ್ಮ ಮಕ್ಕಳ ಕನ್ನಡಕ್ಕೆ ಅಡ್ಡಿಯೆಂದು ಕೊರಗುವ ತಂದೆತಾಯಂದಿರು ದಯವಿಟ್ಟು ಇದನ್ನು ಗಮನಿಸಬೇಕು. ಅದು ಅಡ್ಡಿಯಲ್ಲ, ಏಣಿ.

ಎರಡನೆಯದು ಓದಿಗೆ ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನಲ್ಲಿ ಮಕ್ಕಳ ಕಥೆಗಳು ಅನೇಕ ಭಾಷೆಗಳಲ್ಲಿವೆ. ಒಂದೇ ಕಥೆಯನ್ನು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಓದಿ ಹೋಲಿಸಬಹುದು. ಇಳಿಸಿಕೊಂಡು ಅಚ್ಚು ಹಾಕಿಸಲೂ ಪರವಾನಗಿಯಿದೆ. ಇನ್ನು 2017ರ ಶಿಕ್ಷಕರ ದಿನದಂದು ಆರಂಭವಾದ ಕೇಂದ್ರದ 'ದೀಕ್ಷಾ'ದಲ್ಲಿ ಕರ್ನಾಟಕದ ಪಠ್ಯಪುಸ್ತಕಗಳಿಗೆ ಸಂಬಂಧಿಸಿದ ಪಾಠಗಳಿವೆ. ಪದಾರ್ಥಕ್ಕೆ, ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಕಟ್ಟಿ 2019ರಲ್ಲಿ ಲೋಕಕ್ಕೆ ಮುಕ್ತವಾಗಿಸಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಇದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದುದು. 2017ರಿಂದ ಗೂಗಲ್ಲಿನ ಕೀಲಿಮಣೆ ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುತ್ತದೆ. ಧಾರವಾಡ ಸೀಮೆಯ ಅಜ್ಜಿಯೊಬ್ಬರನ್ನು ಒಂದು ಭಾನುವಾರ ಕರೆತಂದು, ಅವರ ಊರಿನ ಜಾತ್ರೆಯ ಕಥೆ ಹೇಳಿಸಿದೆವು. ಫೋನು ಬರೆಯಿತು, ಆದರೆ ಅಜ್ಜಿಯ ಮಾತು ಅದಕ್ಕೆ ಪೂರ್ತಿ ದಕ್ಕಲಿಲ್ಲ. "ಅಜ್ಜಿ, ನೀವು ಹೇಳಿದ್ದು ಇದಲ್ಲವಲ್ಲ?" ಎಂದು ಅವರ ಮೊಮ್ಮಗಳು ಕೇಳಿದಳು. "ಅಲ್ಲವ್ವಾ, ಇದಕ್ಕೇನು ತಿಳೀತದ ನಮ್ಮ ಮಾತು!" ಎಂದು ಅಜ್ಜಿ ನಕ್ಕರು. ಆಮೇಲೆ ಒಂದು ಗಂಟೆ ಹನ್ನೊಂದು ಮಕ್ಕಳೂ ಸೇರಿ ಅಜ್ಜಿಯನ್ನು ಕೇಳಿ ಕೇಳಿ ಯಂತ್ರದ ತಪ್ಪುಗಳನ್ನು ತಿದ್ದಿದರು. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನು ಅಂದು ಅವರು ಕಲಿತಂತೆ ನನ್ನ ಯಾವ ಪಾಠದಲ್ಲಿಯೂ ಕಲಿತಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಅಜ್ಜಿಯ ಮಾತು ಬರೆದಿಡತಕ್ಕ ಮಾತು ಎಂಬುದನ್ನು ತಿಳಿದರು.

ಯಂತ್ರ ಅಲ್ಲಿ ಸೋತದ್ದರಿಂದಲೇ ಪಾಠವಾಯಿತು. ಆದರೆ ಆ ಸೋಲನ್ನು ಪಾಠವಾಗಿಸಲು ಅಜ್ಜಿ ಎದುರಿಗೆ ಕುಳಿತಿರಬೇಕಾಯಿತು. ಮಕ್ಕಳನ್ನು ಕೂಡಿಸಲು ಒಬ್ಬ ಮೇಷ್ಟ್ರು ಬೇಕಾಯಿತು. ಸ್ಮಾರ್ಟ್ ಬೋರ್ಡನ್ನು ಗೋಡೆಗೆ ತಗುಲಿಸಿದ ಮಾತ್ರಕ್ಕೆ ಇವರಿಬ್ಬರೂ ಒದಗಿಬರುವುದಿಲ್ಲ. ನನಗೆ ಅರವತ್ತೆರಡು ವರ್ಷ. ಮುಂದೆ ತರಗತಿ ವಹಿಸಿಕೊಳ್ಳುವವರು ಪೆಂಡುರ್ತಿಯಲ್ಲಿ ಈವರೆಗೆ ಯಾರೂ ಮುಂದೆ ಬಂದಿಲ್ಲ. ವಿಜಯವಾಡದ ಪರಿಸ್ಥಿತಿಯೂ ಭಿನ್ನವಲ್ಲವೆಂದು ಅದೇ ಗೆಳೆಯರು ಊಟದ ಹೊತ್ತಿನಲ್ಲಿ ನನ್ನಲ್ಲಿ ಹೇಳಿದರು. ನಮ್ಮ ನಿಜವಾದ ಕೊರತೆ ಇದು.

ಆದುದರಿಂದ ನನ್ನ ಸೂಚನೆ ಇಷ್ಟು. ನಿಧಿಯ ಹಣದಿಂದ ಎರಡೂ ಊರುಗಳಲ್ಲಿ ಇಬ್ಬರು ಕಿರಿಯರಿಗೆ, ಸಾಧ್ಯವಾದರೆ ಈ ತರಗತಿಗಳಲ್ಲಿಯೇ ಕಲಿತು ಬೆಳೆದವರಿಗೆ, ಗೌರವಧನ ಕೊಟ್ಟು ಅಧ್ಯಾಪನಕ್ಕೆ ಸಿದ್ಧಗೊಳಿಸೋಣ. ಮೇಲೆ ಹೇಳಿದ ಉಚಿತ ಸಾಧನಗಳ ಬಳಕೆಯನ್ನು ನಾನೇ ಅವರಿಗೆ ಕಲಿಸಿಕೊಡುತ್ತೇನೆ. ಐವತ್ತು ಕಥೆಪುಸ್ತಕಗಳನ್ನು ಅಚ್ಚು ಹಾಕಿಸೋಣ. ಇಷ್ಟಾದ ಮೇಲೂ ಹಣ ಮಿಕ್ಕರೆ ಬೋರ್ಡಿನ ಮಾತನ್ನು ಎತ್ತೋಣ. ಆಗ ನಾನೂ ಚಪ್ಪಾಳೆ ತಟ್ಟುತ್ತೇನೆ. ಮುಂದಿನ ಸಭೆಗೆ ಮುನ್ನ ಓದುಗರು, ವಿಶೇಷವಾಗಿ ತರಗತಿಗೆ ಮಕ್ಕಳನ್ನು ಕಳುಹಿಸುವ ಮನೆಯವರು, ತಮ್ಮ ಅಭಿಪ್ರಾಯವನ್ನು ಈ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.