ಮೊಳಕೆಯೂ ಬೆಳೆಯೂ

2025ನೆಯ ಇಸವಿಯ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿಯಲ್ಲಿ ಕೊಯಮತ್ತೂರಿನ ಹದಿನೈದು ವರ್ಷದ ಬಾಲಿಕೆ ಕುಮಾರಿ ಮಾಯಾ ರಾಜೇಶ್ವರನ್ ರೇವತಿಯು ಅರ್ಹತಾ ಸುತ್ತಿನಿಂದ ಮೇಲೇರಿ, ಮುಖ್ಯ ಸುತ್ತಿನಲ್ಲಿ ಮೂರು ಪಂದ್ಯಗಳನ್ನು ಗೆದ್ದು, ಉಪಾಂತ್ಯವನ್ನು ಮುಟ್ಟಿದಳು. ಅಲ್ಲಿ ಸ್ವಿಟ್ಜರ್ಲೆಂಡಿನ ಜಿಲ್ ಟೀಕ್‌ಮನ್ ಅವರಿಗೆ ನೇರ ಸೆಟ್ಟುಗಳಲ್ಲಿ ಸೋತಳು. ಅಂದಿನಿಂದ ಈ ಬಾಲಿಕೆಯ ವಿಷಯವಾಗಿ ದೇಶದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿರುವುದು. ಸಾನಿಯಾ ಮಿರ್ಜಾ ಅವರ ಸ್ಥಾನವನ್ನು ತುಂಬುವವಳು ದೊರೆತಳೆಂದು ಕೆಲವರು ಈಗಲೇ ಜಯಘೋಷ ಮಾಡುತ್ತಿರುವರು. ಇಂತಹ ಎಷ್ಟೋ ಮೊಳಕೆಗಳನ್ನು ಕಂಡಿದ್ದೇವೆ, ಬೆಳೆಯನ್ನು ಮಾತ್ರ ಕಾಣಲಿಲ್ಲವೆಂದು ಮತ್ತೆ ಕೆಲವರು ತಲೆಯಾಡಿಸುತ್ತಿರುವರು. ಈ ಎರಡು ಮಾತುಗಳಲ್ಲಿ ಒಂದೂ ವಿಚಾರಪೂರ್ವಕವಾದುದಲ್ಲವೆಂದು ನಮ್ಮ ಅಭಿಪ್ರಾಯ.

ಮೊದಲು ಆ ವಾರದ ಸಾಧನೆಯ ಬೆಲೆಯನ್ನು ನಿಷ್ಪಕ್ಷಪಾತವಾಗಿ ಕಟ್ಟೋಣ. ಅದು ಬಾಲಕಿಯರ ಪಂದ್ಯಾವಳಿಯಲ್ಲ. ಆಟವನ್ನೇ ವೃತ್ತಿಯಾಗಿ ಮಾಡಿಕೊಂಡ ಪ್ರೌಢ ಆಟಗಾರ್ತಿಯರ ಕಣ. 2017ರಲ್ಲಿ ಇದೇ ಮುಂಬಯಿ ಪಂದ್ಯಾವಳಿಯನ್ನು ಗೆದ್ದವರು ಬೆಲಾರೂಸಿನ ಅರೀನಾ ಸಬಲೆಂಕಾ. ಅವರು ಆಗ ಹತ್ತೊಂಬತ್ತರ ತರುಣಿ, ಮುಂದೆ 2023ರಲ್ಲಿಯೂ 2024ರಲ್ಲಿಯೂ ಆಸ್ಟ್ರೇಲಿಯಾದ ಪ್ರಶಸ್ತಿಯನ್ನು, 2024ರಲ್ಲಿಯೂ 2025ರಲ್ಲಿಯೂ ಅಮೆರಿಕದ ಪ್ರಶಸ್ತಿಯನ್ನು ಗಳಿಸಿದವರು. ಮಾಯಾಳನ್ನು ಸೋಲಿಸಿದ ಟೀಕ್‌ಮನ್ ಅವರಾದರೋ ಒಮ್ಮೆ ಜಗತ್ತಿನ 21ನೆಯ ಸ್ಥಾನದವರೆಗೆ ಏರಿದವರು. 2021ರಲ್ಲಿ ಸಿನ್ಸಿನಾಟಿಯಲ್ಲಿ ನವೋಮಿ ಒಸಾಕಾ ಅವರನ್ನು ಸೋಲಿಸಿ ಅಂತಿಮ ಪಂದ್ಯವನ್ನು ಆಡಿದವರು. ಇಂತಹವರ ಎದುರು ಸೋಲುವುದು ಹದಿನೈದರ ಬಾಲಿಕೆಗೆ ಅಪಮಾನವಲ್ಲ. ಇಂತಹವರ ಎದುರು ನಿಲ್ಲುವ ಹಂತಕ್ಕೆ ತನ್ನ ರಾಕೆಟ್ಟಿನ ಬಲದಿಂದಲೇ ಬಂದುದು ಗಣನೀಯ. ಒಂದು ಪಂದ್ಯವನ್ನು ಅದೃಷ್ಟದಿಂದ ಗೆಲ್ಲಬಹುದು. ಅರ್ಹತಾ ಸುತ್ತಿನಿಂದ ಹೊರಟು ಒಂದೇ ವಾರದಲ್ಲಿ ಒಬ್ಬರ ಮೇಲೊಬ್ಬರಂತೆ ಹಿರಿಯರನ್ನು ಗೆಲ್ಲುವುದಕ್ಕೆ ಅದೃಷ್ಟವೊಂದೇ ಸಾಲದು. ಶಕ್ತಿಯಿರುವುದು ದಿಟ.

ಆದರೆ ಶಕ್ತಿಯಿದ್ದ ಮಾತ್ರಕ್ಕೆ ಸಿದ್ಧಿಯಾಗುವುದೆಂದು ನಂಬುವುದಕ್ಕೆ ನಮ್ಮ ದೇಶದ ಚರಿತ್ರೆ ಎಡೆಗೊಡುವುದಿಲ್ಲ. ವಿಂಬಲ್ಡನ್ನಿನ ಬಾಲಕರ ಪ್ರಶಸ್ತಿಯನ್ನು 1954ರಲ್ಲಿ ರಾಮನಾಥನ್ ಕೃಷ್ಣನ್, 1979ರಲ್ಲಿ ಅವರ ಮಗ ರಮೇಶ್ ಕೃಷ್ಣನ್, 1990ರಲ್ಲಿ ಲಿಯಾಂಡರ್ ಪೇಸ್ ಗೆದ್ದರು. ಆಸ್ಟ್ರೇಲಿಯಾದಲ್ಲಿ ಬಾಲಕರ ಪ್ರಶಸ್ತಿಯನ್ನು 2009ರಲ್ಲಿ ಯೂಕಿ ಭಾಂಬ್ರಿ ಗೆದ್ದರು. ತಂದೆ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ನಿನ ಉಪಾಂತ್ಯವನ್ನು ಮುಟ್ಟಿದರು. ಮಗ ಕೃಷ್ಣನ್ ಜಗತ್ತಿನ 23ನೆಯ ಸ್ಥಾನವನ್ನು ಪಡೆದರು. ಪೇಸ್ 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ ಕಂಚನ್ನು ತಂದು, ಡಬಲ್ಸ್ ಆಟದಲ್ಲಿ ಜಗದ್ವಿಖ್ಯಾತರಾದರು. ಭಾಂಬ್ರಿಯವರ ಸಿಂಗಲ್ಸ್ ಆಟವು ಗಾಯಗಳ ಕಾಟದಿಂದ 83ನೆಯ ಸ್ಥಾನದ ಆಚೆಗೆ ಹೋಗಲಿಲ್ಲ. ಇವರೆಲ್ಲರೂ ನಮಗೆ ಮಾನ್ಯರು. ಆದರೆ ಇವರಲ್ಲಿ ಯಾರೊಬ್ಬರೂ ಪ್ರೌಢರ ಗ್ರಾಂಡ್ ಸ್ಲಾಂ ಸಿಂಗಲ್ಸ್ ಪ್ರಶಸ್ತಿಯನ್ನು ಗೆಲ್ಲಲಿಲ್ಲ. ಇತ್ತ ನಮ್ಮ ಕೊಡಗಿನ ರೋಹನ್ ಬೋಪಣ್ಣನವರು ಬಾಲ್ಯದಲ್ಲಿ ಇಂತಹ ಕಿರೀಟಗಳಾವುದನ್ನೂ ಧರಿಸದೆ, 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಡಬಲ್ಸ್ ಪ್ರಶಸ್ತಿಯನ್ನು ಗೆದ್ದು, ಡಬಲ್ಸಿನಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೆ ಏರಿದರು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಸುಳ್ಳಲ್ಲ. ಆದರೆ ಎಲ್ಲ ಸಿರಿಯೂ ಮೊಳಕೆಯಲ್ಲಿಯೇ ಕಾಣಿಸಬೇಕೆಂಬ ನಿಯಮವಿಲ್ಲ.

ಪರದೇಶಗಳ ಅನುಭವವೂ ಇದೇ. 2022ರಲ್ಲಿ ಚೆನ್ನೈಯ ಪಂದ್ಯಾವಳಿಯನ್ನು ಹದಿನೇಳು ವರ್ಷದ ಚೆಕ್ ಬಾಲೆ ಲಿಂಡಾ ಫ್ರುಹ್‌ವಿರ್ಟೋವಾ ಗೆದ್ದಾಗ ಆಕೆಯ ಭವಿಷ್ಯವನ್ನು ಸಂದೇಹಿಸಿದವರು ವಿರಳ. ಮರುವರ್ಷ ಆಕೆ 49ನೆಯ ಸ್ಥಾನಕ್ಕೆ ಏರಿದಳು. ಅದರ ಮುಂದಿನ ವರ್ಷವೇ ಮೊದಲ ನೂರರ ಪಟ್ಟಿಯಿಂದ ಹೊರಗೆ ಬಿದ್ದಳು. ಇನ್ನೂ ಕಟುವಾದ ನಿದರ್ಶನ ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ಅವರದು. 1990ರಲ್ಲಿ ಹದಿನಾಲ್ಕು ತುಂಬುವ ಮೊದಲೇ ವೃತ್ತಿಯ ಆಟಕ್ಕಿಳಿದ ಆ ಬಾಲಿಕೆ ಅದೇ ವರ್ಷ ಪ್ಯಾರಿಸಿನಲ್ಲಿ ಉಪಾಂತ್ಯವನ್ನು ಮುಟ್ಟಿದಳು. 1992ರಲ್ಲಿ ಒಲಿಂಪಿಕ್ ಸ್ವರ್ಣವನ್ನು ಗೆದ್ದಳು. ಬಳಿಕ ಹಣ, ಕೀರ್ತಿ, ನಿರೀಕ್ಷೆಗಳ ಹೊರೆಯಡಿಯಲ್ಲಿ ಬಳಲಿ ಆಟವನ್ನೇ ಬಿಟ್ಟಳು. ಆಕೆ ಮರಳಿ ಬಂದು ಮೊದಲ ಗ್ರಾಂಡ್ ಸ್ಲಾಂ ಗೆಲ್ಲುವ ಹೊತ್ತಿಗೆ 2001ನೆಯ ಇಸವಿಯಾಗಿತ್ತು. ಇಂತಹ ಅನುಭವಗಳಿಂದ ಎಚ್ಚೆತ್ತು ಮಹಿಳಾ ಟೆನಿಸ್ ಸಂಸ್ಥೆಯು 1995ರಿಂದ ವಯಸ್ಸಿನ ಕಟ್ಟಳೆಯನ್ನು ಬಿಗಿಗೊಳಿಸಿತು: ಹದಿನಾಲ್ಕು ತುಂಬದವರಿಗೆ ಪ್ರವೇಶವಿಲ್ಲ, ಹದಿನೆಂಟು ತುಂಬುವವರೆಗೆ ವರ್ಷಕ್ಕೆ ಇಂತಿಷ್ಟೇ ಪಂದ್ಯಾವಳಿಗಳು. ಬೆಳೆಯುವ ಎಲುಬಿಗೂ ಬೆಳೆಯುವ ಮನಸ್ಸಿಗೂ ಬಿಡುವು ಬೇಕೆಂಬುದನ್ನು ಕಟ್ಟಳೆಯೇ ಒಪ್ಪಿರುವಾಗ, ಪ್ರೇಕ್ಷಕರಾದ ನಾವು ಅವಸರಪಡುವುದು ವಿವೇಕವಲ್ಲ.

ಹಾಗಾದರೆ ಎಳೆಯ ಆಟಗಾರ್ತಿಯನ್ನು ಅಳೆಯುವ ಕೋಲು ಯಾವುದು? ಪದಕಗಳ ಎಣಿಕೆಯಲ್ಲ. ಮೊದಲನೆಯದಾಗಿ, ಎದುರಾಳಿಗಳು ಅವಳ ಆಟವನ್ನು ಅರಿತುಕೊಂಡ ಮೇಲೆ ಏನಾಗುವುದೆಂಬುದನ್ನು ನೋಡತಕ್ಕದ್ದು. ಮೊದಲ ವರ್ಷ ಹೊಸಬರ ಹೊಡೆತ ಯಾರಿಗೂ ಪರಿಚಿತವಲ್ಲ. ಎರಡನೆಯ ವರ್ಷ ಅದರ ಕುಂದನ್ನು ಎಲ್ಲರೂ ಬಲ್ಲರು. ಆಗ ಹೊಸ ಉತ್ತರವನ್ನು ಕಂಡುಕೊಂಡವರೇ ನಿಲ್ಲುವರು. ಎರಡನೆಯದಾಗಿ, ಎರಡನೆಯ ಸರ್ವಿಸನ್ನು ನೋಡತಕ್ಕದ್ದು. ಮೊದಲನೆಯದು ತಪ್ಪಿದಾಗ, ಸ್ಕೋರು ಬಿಗಿಯಾಗಿರುವಾಗ, ಅಂಜದೆ ಹೊಡೆಯುವ ಸರ್ವಿಸು ಕೈಯ ಬಲಕ್ಕಿಂತ ಮನಸ್ಸಿನ ಬಲವನ್ನು ಹೇಳುವುದು. ಮೂರನೆಯದಾಗಿ, ದೇಹವನ್ನು ನೋಡತಕ್ಕದ್ದು. ಹದಿನೈದರ ಮಣಿಕಟ್ಟು, ಮೊಣಕಾಲು, ಭುಜಗಳು ಇಪ್ಪತ್ತರವರೆಗೆ ನೋವಿಲ್ಲದೆ ಬರುವುದೇ ಒಂದು ಗೆಲುವು. ಇವಾವುವೂ ಒಂದು ವಾರದಲ್ಲಿ ತಿಳಿಯುವ ವಿಷಯಗಳಲ್ಲ. ಮೂರು ನಾಲ್ಕು ವರ್ಷಗಳ ತಾಳ್ಮೆ ಬೇಕು.

ಆದರೆ ತಾಳ್ಮೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಮಹಾಜನರೂ ಅಧಿಕಾರಿವರ್ಗವೂ ಆಲೋಚಿಸಬೇಕಾದ ಅಂಶ ಇಲ್ಲಿಯೇ ಇರುವುದು. ಮಾಯಾಳ ಶಕ್ತಿ ದೇಶಕ್ಕೆ ತಿಳಿದುದು ಹೇಗೆ? ಮುಂಬಯಿಯಲ್ಲಿ ಒಂದು ಪಂದ್ಯಾವಳಿ ನಡೆಯಿತು. ತವರಿನ ಎಳೆಯರಿಗೆ ಅದರಲ್ಲಿ ಅವಕಾಶ ದೊರೆಯಿತು. ಆ ಪಂದ್ಯಾವಳಿ 2018ರ ಬಳಿಕ ನಿಂತುಹೋಗಿ, 2024ರಲ್ಲಿ ಪುನಃ ಆರಂಭವಾಯಿತು. ಇನ್ನೂ ಒಂದು ವರ್ಷ ನಿಂತೇ ಇದ್ದಿದ್ದರೆ ನಾವು ಇಂದು ಈ ಹೆಸರನ್ನೇ ಕೇಳುತ್ತಿರಲಿಲ್ಲವೇನೋ! ಸಾನಿಯಾ ಮಿರ್ಜಾ ಅವರ ಚರಿತ್ರೆಯೂ ಇದೇ ಪಾಠವನ್ನು ಹೇಳುವುದು. 2005ರಲ್ಲಿ ಅವರು ಗೆದ್ದ ಮಹಿಳಾ ಪ್ರವಾಸದ ಪ್ರಶಸ್ತಿಯು ತಮ್ಮ ಹೈದರಾಬಾದಿನ ಅಂಗಳದಲ್ಲಿಯೇ ದೊರೆತದ್ದು. ಎರಡು ವರ್ಷಗಳಲ್ಲಿ ಅವರು ಜಗತ್ತಿನ 27ನೆಯ ಸ್ಥಾನಕ್ಕೆ ಏರಿದರು. ಅವರ ಬಳಿಕ 2025ರ ಅಂತ್ಯದವರೆಗೂ ಭಾರತದ ಮತ್ತೊಬ್ಬ ಮಹಿಳೆ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ಬರಲಿಲ್ಲ.

ಆ ಹೈದರಾಬಾದಿನ ಪಂದ್ಯಾವಳಿಯೇ 2006ರಲ್ಲಿ ಬೆಂಗಳೂರಿಗೆ ಬಂದಿತು. 2008ರಲ್ಲಿ ಸೆರೀನಾ ವಿಲಿಯಮ್ಸ್ ಅದನ್ನು ನಮ್ಮ ಕಬ್ಬನ್ ಉದ್ಯಾನದ ಅಂಗಳದಲ್ಲಿ ಗೆದ್ದುದನ್ನು ಕಂಡವರು ನಮ್ಮ ವಾಚಕರಲ್ಲಿಯೂ ಇರಬಹುದು. ಅದೇ ಕೊನೆ. ಆ ದರ್ಜೆಯ ಮಹಿಳೆಯರ ಪಂದ್ಯಾವಳಿ ಭಾರತಕ್ಕೆ ಮರಳಲು 2022ರವರೆಗೆ, ಎಂದರೆ ಹದಿನಾಲ್ಕು ವರ್ಷ, ಕಾಯಬೇಕಾಯಿತು. ಮರಳಿದ್ದೂ ಬೆಂಗಳೂರಿಗಲ್ಲ, ಚೆನ್ನೈಗೆ. ಆ ಹದಿನಾಲ್ಕು ವರ್ಷಗಳಲ್ಲಿ ರಾಕೆಟ್ಟು ಹಿಡಿದ ನಮ್ಮ ಹೆಣ್ಣುಮಕ್ಕಳೆಲ್ಲ ದೊಡ್ಡ ಆಟವನ್ನು ಕಾಣಬೇಕಾದರೆ ಸಮುದ್ರವನ್ನು ದಾಟಬೇಕಾಗಿತ್ತು. ವೃತ್ತಿಯ ಆಟದ ಕೆಳಗಿನ ಮೆಟ್ಟಿಲಿನಲ್ಲಿ ಒಟ್ಟು ಬಹುಮಾನವೇ 15 ಸಾವಿರ ಡಾಲರು. ಅದೂ ಎಲ್ಲ ಆಟಗಾರ್ತಿಯರಲ್ಲಿ ಹಂಚಿಹೋಗುವುದು. ವಿಮಾನದ ವೆಚ್ಚ, ವಸತಿ, ತರಬೇತುದಾರನ ಸಂಬಳಗಳನ್ನು ಕಳೆದರೆ ಗೆದ್ದವಳಿಗೂ ನಷ್ಟವೇ. ಈ ಲೆಕ್ಕವನ್ನು ತಾಯಿತಂದೆಗಳು ತಮ್ಮ ಉಳಿತಾಯದಿಂದ ತುಂಬುವರು. ತುಂಬಲಾರದವರ ಮಕ್ಕಳು ಆಟವನ್ನು ಬಿಡುವರು. ಪ್ರತಿಭೆಯ ಅಭಾವವೆಂದು ನಾವು ಯಾವುದನ್ನು ಹಳಿಯುತ್ತೇವೆಯೋ ಅದರಲ್ಲಿ ಬಹುಭಾಗ ಇಂತಹ ಲೆಕ್ಕದ ಅಭಾವ.

ಮಾಯಾಳು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ರಫೇಲ್ ನಡಾಲ್ ಸ್ಥಾಪಿಸಿರುವ ಶಾಲೆಗೆ ಅಭ್ಯಾಸಕ್ಕಾಗಿ ಹೋದುದನ್ನು ನಾವು ಆಕ್ಷೇಪಿಸುವುದಿಲ್ಲ. ವಿದ್ಯೆ ಎಲ್ಲಿ ದೊರೆಯುವುದೋ ಅಲ್ಲಿಗೆ ಹೋಗುವುದು ಪುರಾತನ ಧರ್ಮ. ಆದರೆ 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಮುಖ್ಯ ಸುತ್ತಿನ ಪಂದ್ಯವನ್ನು ಗೆದ್ದು ಭಾರತೀಯ ಮಹಿಳೆಯರಿಗೆ ದಾರಿ ತೋರಿದ ನಿರುಪಮಾ ವೈದ್ಯನಾಥನ್ ಅವರೂ ಇದೇ ಕೊಯಮತ್ತೂರಿನಲ್ಲಿ ಹುಟ್ಟಿದವರು. ಆ ಗೆಲುವಿಗೂ ಮುಂಬಯಿಯ ಈ ವಾರಕ್ಕೂ ನಡುವೆ ಇಪ್ಪತ್ತೇಳು ವರ್ಷಗಳು ಕಳೆದವು. ಅಷ್ಟು ಕಾಲದಲ್ಲಿ ಒಂದು ಮಯೋರ್ಕಾವನ್ನು ನಮ್ಮಲ್ಲಿಯೇ ಕಟ್ಟಲಾರದೆ ಹೋದುದಕ್ಕೆ ಬಾಲಿಕೆಯರನ್ನು ದೂರಿ ಫಲವಿಲ್ಲ.

ಕೊನೆಯದಾಗಿ ಒಂದು ಮಾತನ್ನು ಸಭ್ಯ ಸಮಾಜಕ್ಕೆ ಹೇಳಬೇಕಾಗಿದೆ. 2005ರಲ್ಲಿ ಸಾನಿಯಾ ಅವರು ಅಮೆರಿಕದಲ್ಲಿ ನಾಲ್ಕನೆಯ ಸುತ್ತನ್ನು ಮುಟ್ಟಿದ ದಿನಗಳಲ್ಲಿ, ಹದಿನೆಂಟರ ಆ ತರುಣಿಯ ಆಟಕ್ಕಿಂತ ಉಡುಪಿನ ಚರ್ಚೆಯೇ ದೊಡ್ಡದಾಯಿತು. ಹೂಮಾಲೆಯನ್ನು ಹಾಕುವ ಕೈ ಕಲ್ಲನ್ನು ಎತ್ತಲು ಹೆಚ್ಚು ಹೊತ್ತು ಬೇಡ. ಎಳೆಯರಿಗೆ ಎರಡೂ ಭಾರವೇ. ಗೆದ್ದಾಗ ಅಟ್ಟಕ್ಕೇರಿಸದೆ, ಸೋತಾಗ ಪಾತಾಳಕ್ಕೆ ತಳ್ಳದೆ, ಅವಳನ್ನು ಅವಳ ಅಭ್ಯಾಸಕ್ಕೆ ಬಿಡುವುದೇ ನಾವು ಮಾಡಬಹುದಾದ ಮೊದಲ ಉಪಕಾರ.

ಮಾಯಾ ರಾಜೇಶ್ವರನ್ ಜಗಜ್ಜೇತೆಯಾಗುವಳೇ ಎಂದು ಕೇಳಿದರೆ, ಹೌದೆನ್ನುವ ಧೈರ್ಯವೂ ಅಲ್ಲವೆನ್ನುವ ಅಧಿಕಾರವೂ ನಮಗಿಲ್ಲ. ಹದಿನೈದರಲ್ಲಿ ತೋರಿಸಬೇಕಾದುದನ್ನು ಆಕೆ ತೋರಿಸಿರುವಳು. ಇನ್ನು ತೋರಿಸಬೇಕಾದವರು ದೇಶದ ಟೆನಿಸ್ ಸಂಘಗಳವರು, ಸರಕಾರಗಳವರು, ಶ್ರೀಮಂತರು. ವರ್ಷಕ್ಕೆ ಒಂದೆರಡು ದೊಡ್ಡ ಪಂದ್ಯಾವಳಿ, ಹತ್ತಾರು ಸಣ್ಣ ಪಂದ್ಯಾವಳಿ, ಎಳೆಯರ ಪ್ರವಾಸಕ್ಕೆ ನೆರವು, ಗಾಯಕ್ಕೆ ತಕ್ಕ ವೈದ್ಯ: ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಬೆಂಗಳೂರಿನಲ್ಲಿ ಅಂಗಳವಿದೆ, ಪ್ರೇಕ್ಷಕರಿದ್ದಾರೆ, ಹಣವೂ ಇದೆ. 2008ರಲ್ಲಿ ಕೈಬಿಟ್ಟುದನ್ನು ಮತ್ತೆ ಹಿಡಿಯುವ ಸಂಕಲ್ಪವನ್ನು ಸಂಬಂಧಪಟ್ಟವರು ಮಾಡಲೆಂದು ನಾವು ಒತ್ತಾಯಪಡಿಸುತ್ತೇವೆ. ಮೊಳಕೆ ಕಾಣಿಸಿದೆ, ನೀರೆರೆಯುವುದು ಹೊಲದವರ ಕೆಲಸ.