ನಾಳಿನ ಧರ್ಮಗುರುಗಳಿಗೆ ಕಾಡಿನ ಪಾಠ ಬೇಡವೇ?

ಬೆಂಗಳೂರಿನ ಬೈಯಪ್ಪನಹಳ್ಳಿ ಇಂದು ರೈಲಿನ ಊರು. 2011ರ ಅಕ್ಟೋಬರ್‌ನಲ್ಲಿ ನಗರದ ಮೊದಲ ಮೆಟ್ರೊ ಓಡಿದ್ದು ಅಲ್ಲಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ. 2022ರ ಜೂನ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಅಲ್ಲಿಯೇ ಆರಂಭವಾಯಿತು. ಆದರೆ ಆ ನಿಲ್ದಾಣದ ಸುತ್ತಲಿನ ಕೆಲವೇ ಕಿಲೋಮೀಟರುಗಳಲ್ಲಿ ಇನ್ನೊಂದು ಬಗೆಯ ಸಂಗಮವಿದೆ ಎಂಬುದು ಹೆಚ್ಚಿನ ಪ್ರಯಾಣಿಕರಿಗೆ ತಿಳಿಯದು. ಹಲಸೂರಿನ ಸೋಮೇಶ್ವರ ದೇವಾಲಯ, ಕೆರೆಯ ಬಳಿಯ ಗುರುದ್ವಾರ, ಶಿವಾಜಿನಗರದ ಮಸೀದಿಗಳು ಮತ್ತು ಸಂತ ಮೇರಿ ಬೆಸಿಲಿಕಾ ಎಲ್ಲವೂ ಒಂದೇ ದಿನದಲ್ಲಿ ನಡೆದು ನೋಡಬಹುದಾದ ದೂರದಲ್ಲಿವೆ. ನಾಳೆ ಧರ್ಮಗುರುಗಳಾಗಲಿರುವ ಯುವಜನರು ಓದುವ ಕಾಲೇಜುಗಳೂ ಈ ಭಾಗದಲ್ಲಿವೆ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಷ್ಟು ಹಳೆಯದು.

ಆ ಕಾಲೇಜಿನಲ್ಲಿ ಬೋಧಿಸಿದ್ದ ಪಿ.ಡಿ. ದೇವಾನಂದನ್ ಅವರು 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧರ್ಮ ಮತ್ತು ಸಮಾಜಗಳ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರು. ಅನ್ಯಧರ್ಮದವರನ್ನು ಗೆಲ್ಲಬೇಕಾದ ಎದುರಾಳಿಗಳೆಂದಲ್ಲ, ಜೊತೆಯಲ್ಲಿ ದೇಶ ಕಟ್ಟಬೇಕಾದ ಒಡನಾಡಿಗಳೆಂದು ಕಾಣುವ ದೃಷ್ಟಿಯನ್ನು ಅವರು ಬೆಳೆಸಿದರು. 1967ರಲ್ಲಿ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ಅವರು ಹಚಿನ್ಸ್ ರಸ್ತೆಯ ಕಡೆ ಎನ್‌ಬಿಸಿಎಲ್‌ಸಿ ಎಂದು ಹೆಸರಾದ ಕೇಂದ್ರವನ್ನು ಕಟ್ಟಿದರು. ನೆಲದ ಮೇಲೆ ಕುಳಿತು ಪ್ರಾರ್ಥಿಸುವುದು, ಎಣ್ಣೆಯ ದೀಪ, ಆರತಿ, ಅಂಜಲಿ ಮುದ್ರೆ ಮೊದಲಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆಯಿತು. 1974ರಲ್ಲಿ ಇತರ ಧರ್ಮಗಳ ಪವಿತ್ರ ಗ್ರಂಥಗಳನ್ನು ಕುರಿತ ಸಂಶೋಧನಾ ಗೋಷ್ಠಿಯನ್ನೂ ಕೇಂದ್ರ ನಡೆಸಿತು. ಈ ಪ್ರಯೋಗಗಳಿಗೆ ಅವರ ಧರ್ಮದೊಳಗಿಂದಲೇ ತೀವ್ರ ಆಕ್ಷೇಪಗಳು ಬಂದವು. ಮುಂದೆ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. 1990ರಲ್ಲಿ ತೀರಿಕೊಂಡರು.

ಸಂಸ್ಥೆ ಕಟ್ಟಿದ ವ್ಯಕ್ತಿ ಕೊನೆಗೆ ಬೆಟ್ಟದ ತಪ್ಪಲನ್ನು ಆರಿಸಿಕೊಂಡದ್ದು ಯೋಚಿಸಬೇಕಾದ ಸಂಗತಿ. ಮಾತಿನಿಂದ ಆರಂಭವಾದ ಸಂವಾದ ಮೌನವನ್ನು ಬೇಡುತ್ತದೆ. ತನ್ನೊಳಗೆ ಇಳಿದು ನೋಡಿಕೊಳ್ಳದವನು ಇನ್ನೊಬ್ಬರ ನಂಬಿಕೆಯನ್ನು ಕೇಳಿಸಿಕೊಳ್ಳಲಾರ. ಹಾಗೆಯೇ, ಇನ್ನೊಬ್ಬರನ್ನು ಕೇಳಿಸಿಕೊಳ್ಳದ ಧ್ಯಾನ ಬಾಗಿಲು ಮುಚ್ಚಿದ ಕೋಣೆಯಾಗುತ್ತದೆ.

ಇಂದಿನ ಸರ್ವಧರ್ಮ ಸಮ್ಮೇಳನಗಳಲ್ಲಿ ಈ ಎರಡೂ ವಿರಳ. ವೇದಿಕೆಯ ಮೇಲೆ ಶಾಲು, ಹಾರ, ಒಟ್ಟಾಗಿ ದೀಪ ಬೆಳಗುವ ಛಾಯಾಚಿತ್ರ. ಎಲ್ಲ ಧರ್ಮಗಳ ಸಾರ ಒಂದೇ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಯಾರಿಗೂ ಯಾವ ನಷ್ಟವೂ ಆಗುವುದಿಲ್ಲ. ನಷ್ಟದ ಭಯವಿಲ್ಲದೆಡೆ ಸಂವಾದವೂ ಸುಲಭ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದಾಗ, ಮಣ್ಣು ಯಾರ ಜಾತಿಮತವನ್ನೂ ಕೇಳಲಿಲ್ಲ. ಅಲ್ಲಿಂದಲೇ ಸಂವಾದ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಮೇಲ್ಪಂಕ್ತಿಗಳಿವೆ. 1986ರಲ್ಲಿ ಇಟಲಿಯ ಅಸಿಸಿಯಲ್ಲಿ ಬೌದ್ಧ, ಕ್ರೈಸ್ತ, ಹಿಂದೂ, ಇಸ್ಲಾಂ, ಯಹೂದಿ ಧರ್ಮಗಳ ಪ್ರತಿನಿಧಿಗಳು ಸೇರಿ ಪ್ರಕೃತಿಯ ಬಗ್ಗೆ ತಮ್ಮ ತಮ್ಮ ಘೋಷಣೆಗಳನ್ನು ಹೊರಡಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರ ಕುರಿತು ಪರಿಪತ್ರವನ್ನೇ ಬರೆದರು. ದೂರವೇಕೆ, ಸೋಂದೆಯ ಸ್ವರ್ಣವಲ್ಲಿ ಮಠದ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರು ಬೇಡ್ತಿ, ಅಘನಾಶಿನಿ ಕಣಿವೆಗಳ ಉಳಿವಿಗಾಗಿ ಜನರೊಡನೆ ನಿಂತದ್ದನ್ನು ನಾವೇ ಕಂಡಿದ್ದೇವೆ. 1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಅವರಿಗೆ ಯಾವ ಧರ್ಮಶಾಸ್ತ್ರದ ಪದವಿಯೂ ಇರಲಿಲ್ಲ.

ಆದ್ದರಿಂದ ಒಂದು ಸಲಹೆ. ಬೆಂಗಳೂರಿನ ಧರ್ಮಶಾಸ್ತ್ರ ಕಾಲೇಜುಗಳ ವಿದ್ಯಾರ್ಥಿಗಳು, ಮಠಗಳ ಪಾಠಶಾಲೆಯ ವಟುಗಳು, ಮದರಸಾಗಳಲ್ಲಿ ಓದುವ ಯುವಕರು ಮಳೆಗಾಲದ ಒಂದು ತಿಂಗಳು ಒಟ್ಟಾಗಿ ನಮ್ಮ ಹಳ್ಳಿಗಳಿಗೆ ಬರಲಿ. ಬೆಳಗಿನ ಹೊತ್ತು ಅವರವರ ರೀತಿಯ ಪ್ರಾರ್ಥನೆ, ಧ್ಯಾನ. ಹಗಲು ಸಸಿ ನೆಡುವುದು, ಹಳ್ಳದ ಹೂಳು ತೆಗೆಯುವುದು. ಸಂಜೆ ಕುಳಿತಾಗ ಒಂದೇ ನಿಯಮ: ಯಾರೂ ಇನ್ನೊಬ್ಬರ ಧರ್ಮದ ದೋಷ ಹೇಳಬಾರದು, ತಮ್ಮ ಧರ್ಮದ ಹಿರಿಮೆಯನ್ನೂ ಹೇಳಬಾರದು, ನಮ್ಮ ಜಾತ್ರೆ, ಉರುಸು, ಹಬ್ಬಗಳ ಮರುದಿನ ಹೊಳೆಯ ದಂಡೆ ಹೇಗಿರುತ್ತದೆ, ನಮ್ಮ ಯಾತ್ರಾಸ್ಥಳದ ರಸ್ತೆಗೆ ಎಷ್ಟು ಮರ ಉರುಳಿದವು ಎಂಬುದನ್ನು ಮಾತ್ರ ಹೇಳಬೇಕು. ತನ್ನ ಮನೆಯ ಕಸವನ್ನು ತಾನೇ ತೋರಿಸುವವನ ಮೇಲೆ ನೆರೆಯವನಿಗೆ ನಂಬಿಕೆ ಹುಟ್ಟುತ್ತದೆ.

ಇಷ್ಟಕ್ಕೇ ಸಮಸ್ಯೆಗಳು ಬಗೆಹರಿಯುತ್ತವೆಯೇ ಎಂದು ಕೆಲವರು ಕೇಳಬಹುದು. ಹಳೆಯ ದ್ವೇಷಗಳನ್ನು ಒಂದು ತಿಂಗಳ ಶ್ರಮದಾನ ಕರಗಿಸದು, ನಿಜ. ಆದರೆ ಒಂದೇ ಗದ್ದೆಯ ಕೆಸರಿನಲ್ಲಿ ನಿಂತವರು ನಾಳೆ ತಮ್ಮ ತಮ್ಮ ಪೀಠಗಳಲ್ಲಿ ಕುಳಿತಾಗ, ಗಲಭೆಯ ಸುದ್ದಿ ಬಂದ ರಾತ್ರಿ ಪರಸ್ಪರರಿಗೆ ದೂರವಾಣಿ ಮಾಡಬಲ್ಲರು. ಅದು ಸಣ್ಣ ಲಾಭವಲ್ಲ.

ಅತಿಥಿಗಳನ್ನು ಕರೆಯುವ ಮೊದಲು ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಮಲೆನಾಡಿನಲ್ಲಿ ಚೌಡಿಬನ, ನಾಗಬನಗಳಿಲ್ಲದ ಊರು ಕಡಿಮೆ. ಆ ಬನಗಳ ಅಂಚನ್ನು ವರ್ಷಕ್ಕೊಂದು ಸಾಲು ತೋಟಕ್ಕೆ ಸೇರಿಸಿಕೊಂಡವರು ಹೊರಗಿನವರೇ? ಬನದ ಪೂಜೆಯಲ್ಲಿ ಯಾರು ಮುಂದೆ, ಯಾರು ದೂರ ಎಂಬ ಲೆಕ್ಕವನ್ನು ಇಂದಿಗೂ ಇಟ್ಟುಕೊಂಡವರು ಯಾರು? ನಾಳಿನ ಗುರುಗಳು ಬಂದು ಪಂಕ್ತಿಯಲ್ಲಿ ಕುಳಿತಾಗ ನಾವು ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಬಲ್ಲೆವೇ? ಈ ಪ್ರಶ್ನೆಗೆ ಉತ್ತರವನ್ನು ಮುಂದಿನ ಮಳೆಗಾಲದೊಳಗೆ ನಾವು ಕಂಡುಕೊಳ್ಳೋಣ.